ಕೆಜಿಎಫ್‌ಗೆ ಮಕ್ಕಳ ಜೊತೆ ಹೋಗುವವರಿಗೆ: ದಿಬ್ಬ ಬಿಡಿ, ರೈಲು ಹಿಡಿಯಿರಿ

ಮೇಡಂ, ನಿಮ್ಮ ಪೋಸ್ಟ್ ನೋಡಿದೆ. ಭಾನುವಾರ ಇಬ್ಬರು ಮಕ್ಕಳು ಮತ್ತು ಅತ್ತೆಯವರ ಜೊತೆ ಕಾರಲ್ಲಿ ಕೆಜಿಎಫ್ (ಕೋಲಾರದ ಚಿನ್ನದ ಗಣಿ ಊರು), ಹನ್ನೊಂದು ಗಂಟೆಗೆ ಸೈನೈಡ್ ದಿಬ್ಬದ ಮೇಲೆ ಫೋಟೊ, ಆಮೇಲೆ ‘ಒಂದು ಸಣ್ಣ ವಾಕ್’ ಅಂತ ಬರೆದಿದ್ದೀರಿ. ದಿಬ್ಬ ಬೇಡ. ನಾವೂ ಮೊದಲ ಸಲ ಹೋದಾಗ ಅದನ್ನೇ ಮಾಡಿದ್ದೆವು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ದೂರದಿಂದ ಅದು ಮರಳುಗುಡ್ಡ ಅನಿಸುತ್ತದೆ. ಮರಳಲ್ಲ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ. ಮೇಲೆ ಗಟ್ಟಿ ಪದರ ಇರುತ್ತದೆ, ಕಾಲಿಟ್ಟರೆ ಟಪ್ ಅಂತ ಒಡೆದು ಪಾದ ಒಳಗಿಳಿಯುತ್ತದೆ. ನಮ್ಮ ಹುಡುಗ ಶೂ ಬಿಚ್ಚಿದಾಗ ಸಾಕ್ಸ್ ಒಳಗೆ, ಬೆರಳ ಸಂದಿಯಲ್ಲೆಲ್ಲ ಬೂದು ಪುಡಿ. ಬಾಟಲಿ ಮುಚ್ಚಳದ ತಿರುಪಿನಲ್ಲೂ ಅದೇ, ನೀರು ಕುಡಿದರೆ ಹಲ್ಲಿಗೆ ಕರಕರ.

ನಿಮ್ಮ ಪೋಸ್ಟ್ ಕೆಳಗೆ ಕಾಮೆಂಟಿನಲ್ಲಿ ಯಾರೋ ‘ಸೈನೈಡ್ ಎಲ್ಲಾ ಬಿಸಿಲಿಗೆ ಹೋಗಿರುತ್ತೆ, ಮಾಸ್ಕ್ ಹಾಕ್ಕೊಂಡ್ರೆ ಸಾಕು’ ಅಂದಿದ್ದಾರೆ. ಸರ್, ಸೈನೈಡ್ ಬಿಸಿಲಿಗೆ ನಿಧಾನಕ್ಕೆ ಒಡೆಯುತ್ತದೆ, ಒಪ್ಪಿದೆ. ಆ ಕಲ್ಲಿನ ಪುಡಿಯಲ್ಲಿರುವ ಸಿಲಿಕಾ ಎಲ್ಲಿಗೆ ಹೋಗುತ್ತದೆ? ಗಣಿಯಲ್ಲಿ ದುಡಿದವರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ತಂದಿದ್ದು ಇಂಥ ಕಲ್ಲಿನ ಧೂಳೇ. ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ. ಎನ್95 ದೊಡ್ಡವರಿಗೆ ಸರಿ, ಚಿಕ್ಕ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಬರೆಯಬೇಡಿ, ಓದಿದವರು ನಂಬಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಇನ್ನು ಮಳೆ ನೀರು ಆ ದಿಬ್ಬಗಳಲ್ಲಿ ಆಳವಾದ ಕೊರಕಲು ಮಾಡಿದೆ. ಅಂಚಿನಲ್ಲಿ ನಿಂತರೆ ಕುಸಿಯುತ್ತದೆ. ಬುಡದಲ್ಲಿ ನಿಂತ ನೀರಿಗೆ ಮಕ್ಕಳು ಕೈ ಹಾಕಬಾರದು. ಮೇಲಾಗಿ ಅದು ಭಾರತ್ ಗೋಲ್ಡ್ ಮೈನ್ಸ್ ಜಾಗ, ಸುಮ್ನೆ ನುಗ್ಗುವ ಹಾಗಿಲ್ಲ. ಫೋಟೊ ಬೇಕೇ ಬೇಕು ಅಂದರೆ ರಸ್ತೆಯಿಂದ ತೆಗೆಯಿರಿ. ಸಂಜೆ ಬೆಳಕಿಗೆ ಅಲ್ಲಿಂದಲೇ ಚೆನ್ನಾಗಿ ಬರುತ್ತದೆ.

ಈಗ ಏನು ಮಾಡಬೇಕು ಅಂತ ಹೇಳುತ್ತೇನೆ. ಕಾರು ಮನೆಯಲ್ಲಿ ಬಿಡಿ. ಬೆಂಗಳೂರಿನಿಂದ ಕೆಜಿಎಫ್ ಕಡೆಯ ಕೊನೆಯ ಸ್ಟೇಷನ್ ಮಾರಿಕುಪ್ಪಂಗೆ ನೇರ ರೈಲು ಇದೆ. ಬೆಳಿಗ್ಗೆ ಆ ಊರಿನ ಜನ ಕೆಲಸಕ್ಕೆ ಬೆಂಗಳೂರಿನ ಕಡೆ ಬರುತ್ತಾರೆ, ನೀವು ಎದುರು ದಿಕ್ಕಿಗೆ ಹೋಗುತ್ತೀರಿ. ಸೀಟು ಸಿಗುತ್ತದೆ, ಮಕ್ಕಳಿಗೆ ಕಿಟಕಿಯೂ ಸಿಗುತ್ತದೆ. ಸಂಜೆ ವಾಪಸ್ ಬರುವಾಗಲೂ ಅಷ್ಟೇ. ಬಂಗಾರಪೇಟೆಯಲ್ಲಿ ಮುಖ್ಯ ಲೈನ್ ಬಿಟ್ಟು ಕವಲು ಲೈನ್ ಹಿಡಿಯುತ್ತದೆ. ಗಣಿಗಾಗಿಯೇ ಹಾಕಿದ ಲೈನ್ ಅದು, 16 ಕಿಲೋಮೀಟರ್. ಕೊನೆಯ ಮೂರು ಸ್ಟೇಷನ್ ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಒಂದಕ್ಕೊಂದು ಹತ್ತಿರ.

ಇದೇ ಇದರ ಅನುಕೂಲ. ಊರಿಗಾಂನಲ್ಲಿ ಇಳಿಯಿರಿ, ಊರೊಳಗಿನ ರಸ್ತೆಯಲ್ಲೇ ನಡೆಯುತ್ತಾ ಮಾರಿಕುಪ್ಪಂ ಕಡೆ ಹೋಗಿ, ಅಲ್ಲಿ ವಾಪಸ್ ರೈಲು ಹತ್ತಿ. ಹೋದ ದಾರಿಯಲ್ಲೇ ತಿರುಗಿ ಬರುವ ಬೇಜಾರಿಲ್ಲ. ಕಾರಿದ್ದರೆ ಕಾರಿಗಾಗಿ ಹಿಂದೆ ನಡೆಯಲೇಬೇಕು, ಆ ವಾಪಸ್ ನಡಿಗೆಯಲ್ಲೇ ಮಕ್ಕಳ ಅಳು ಶುರುವಾಗುವುದು. ಚಿಕ್ಕವನಿಗೆ ಸುಸ್ತಾಯಿತಾ? ಮಧ್ಯದಲ್ಲಿ ಚಾಂಪಿಯನ್ ಸ್ಟೇಷನ್ ಇದೆ, ಇಲ್ಲದಿದ್ದರೆ ಆಟೊ. ಆದರೆ ವಾಪಸ್ ರೈಲಿನ ಸಮಯ ಹಿಂದಿನ ದಿನವೇ ನೋಡಿಕೊಳ್ಳಿ, ಭಾನುವಾರದ್ದು ಬೇರೆ ಇರಬಹುದು. ಹಳಿ ಮೇಲೆ ನಡೆಯುವುದು ಬೇಡ. ಎಲ್ಲರೂ ನಡೆಯುತ್ತಾರೆ ಅಂತ ಹೇಳಬೇಡಿ.

ದಾರಿಯಲ್ಲಿ ಗಣಿ ಕಾರ್ಮಿಕರ ಸಾಲು ಮನೆಗಳು, ಹಳೇ ಬಂಗಲೆಗಳು, ಚರ್ಚ್‌ಗಳು, ಬೇಲಿಯಾಚೆ ಶಾಫ್ಟ್‌ಗಳ (ಗಣಿಗೆ ಇಳಿಯುವ ಆಳದ ಬಾವಿಗಳ) ಹೆಡ್‌ಗೇರ್, ಅಂದರೆ ಜನರನ್ನೂ ಅದಿರನ್ನೂ ಏರಿಸಿ ಇಳಿಸುತ್ತಿದ್ದ ಗೋಪುರ. ಹೆಡ್‌ಗೇರ್ ನೋಡಿದಾಗ ಮಕ್ಕಳನ್ನು ನಿಲ್ಲಿಸಿ ಹೇಳಿ: ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಜಾಸ್ತಿ ಆಳ. ಮುಳ್ಳಯ್ಯನಗಿರಿಯನ್ನು ತಲೆಕೆಳಗಾಗಿ ಇಟ್ಟರೂ ತಳ ಮುಟ್ಟುವುದಿಲ್ಲ. ನಮ್ಮ ಮಕ್ಕಳು ಒಂದು ತಾಸು ಪ್ರಶ್ನೆ ಕೇಳಿದರು. ಶಿವನಸಮುದ್ರದ ಕರೆಂಟ್ 1902ರಲ್ಲೇ ಇಲ್ಲಿಗೆ ಬಂತು, ಬೆಂಗಳೂರಿಗೆ ಬಂದಿದ್ದು ಮೂರು ವರ್ಷ ಆದಮೇಲೆ. ಇದನ್ನು ಬೆಂಗಳೂರು ಮಕ್ಕಳು ನಂಬುವುದೇ ಇಲ್ಲ.

ಬೇಲಿ ಮಾತ್ರ ದಾಟಬೇಡಿ, ಬೇಲಿ ಮುರಿದಿದ್ದರೂ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಗುಂಡಿ ಎಲ್ಲೂ ಹೋಗಿಲ್ಲ. ಎಷ್ಟೋ ಹಳೇ ಶಾಫ್ಟ್‌ಗಳ ಬಾಯಿಗೆ ಗಿಡಗಂಟಿ ಮುಚ್ಚಿಕೊಂಡಿದೆ. ಕೆಳಗೆ ಟೊಳ್ಳಾದ ಕಡೆ ನೆಲವೇ ಇಳಿಯುತ್ತದೆ. ಮ್ಯಾಪ್‌ನಲ್ಲಿ ಕಾಲುದಾರಿ ತೋರಿಸಿದರೂ ಹೋಗಬೇಡಿ. ದಾರಿ ಕೇಳಬೇಕಾದರೆ ಟೀ ಅಂಗಡಿಯಲ್ಲಿ ಕೂತಿರುವ ಹಿರಿಯರನ್ನು ಕೇಳಿ. ಗಣಿಯಲ್ಲಿ ದುಡಿದವರು ಒಬ್ಬರಾದರೂ ಇರುತ್ತಾರೆ. ಸ್ವಲ್ಪ ತಮಿಳು ಬಂದರೆ ಮಾತು ಬೇಗ ಬೆಳೆಯುತ್ತದೆ, ಕನ್ನಡದಲ್ಲೂ ಆಗುತ್ತದೆ. ಅವರ ಮನೆ ಮುಂದೆ ನಿಂತು ಕೇಳದೆ ಫೋಟೊ ತೆಗೆಯಬೇಡಿ. ಅದು ಜನ ಬದುಕುವ ಊರು, ಸಿನಿಮಾ ಸೆಟ್ ಅಲ್ಲ.

ಶೂ ಬಗ್ಗೆ ಕೇಳಿದ್ದಿರಿ. ಡೆಕಾಥ್ಲಾನ್ ಅಂಗಡಿಯ ಕ್ವೆಚುವಾ ಬ್ರ್ಯಾಂಡಿನ ಕಡಿಮೆ ಬೆಲೆಯದೇ ಸಾಕು, ಸೋಲ್ ದಪ್ಪ ಇರಲಿ. ಜಾಲಿ ಮುಳ್ಳು ತೆಳು ಸೋಲ್ ದಾಟಿ ಬರುತ್ತದೆ. ಮಕ್ಕಳಿಗೆ ಕ್ರಾಕ್ಸ್ ಹಾಕಿಸಿಕೊಂಡು ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಳ್ಳಿಗೆ ಅದು ಬೆಣ್ಣೆ ಇದ್ದಂತೆ. ತಳ್ಳುಗಾಡಿ ಬೇಡ. ನೀರು ಮನೆಯಿಂದಲೇ ಒಯ್ಯಿರಿ.

ನಿಜವಾದ ಹಳ್ಳಿ ನಡಿಗೆಯೇ ಬೇಕು ಅಂದರೆ ಕೆಜಿಎಫ್ ಹತ್ತಿರದ ಬೇತಮಂಗಲಕ್ಕೆ ಹೋಗಿ. ಅಲ್ಲಿರುವುದು ಪಾಲಾರ್ ನದಿ ನೀರಿನ ಕೆರೆ, ಗಣಿ ಊರಿಗೆ ಕುಡಿಯುವ ನೀರು ಹೋಗುತ್ತಿದ್ದದ್ದು ಅಲ್ಲಿಂದಲೇ. ಬೆಳಿಗ್ಗೆ ಬೇಗ ಕೆರೆ ಏರಿಯ ಮೇಲೆ ನಡೆದರೆ ಹಕ್ಕಿಗಳು ಜಾಸ್ತಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ರಾಗಿ ಕೊಯ್ಲು, ಅವರೆಕಾಯಿ, ಆಮೇಲೆ ಮಾವಿನ ಹೂ. ಗದ್ದೆ ಬದುವಿನಲ್ಲಿ ಹೋಗುವಾಗ ರೈತರನ್ನು ಒಂದು ಮಾತು ಕೇಳಿ. ಟೊಮೆಟೊ ಕಿತ್ತು ಬಾಯಿಗೆ ಹಾಕಿಕೊಳ್ಳಲು ಮಕ್ಕಳನ್ನು ಬಿಡಬೇಡಿ, ಔಷಧಿ ಹೊಡೆದಿರುತ್ತಾರೆ. ಕಲ್ಲಿನ ಹುಚ್ಚಿರುವ ಮಕ್ಕಳಿದ್ದರೆ ಕೆಜಿಎಫ್ ಹತ್ತಿರದ ಪೆದ್ದಪಲ್ಲಿ ನೋಡಿ. ಜ್ವಾಲಾಮುಖಿ ಕಲ್ಲಿನೊಳಗೆ ಬೇರೆ ಬೇರೆ ಕಲ್ಲಿನ ತುಂಡುಗಳು ಸಿಕ್ಕಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು, ಸುತ್ತಿಗೆ ತೆಗೆದುಕೊಂಡು ಹೋಗಬೇಡಿ.

ಅತ್ತೆಯವರಿಗೆ ಮೊಣಕಾಲು ನೋವು ಅಂದಿರಿ. ಹಾಗಾದರೆ ಗುಟ್ಟಹಳ್ಳಿಯ ಬಂಗಾರು ತಿರುಪತಿ ದೇವಸ್ಥಾನದ ಮೆಟ್ಟಿಲು ಈ ಸಲ ಬೇಡ. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಆಟೊದಲ್ಲಿ ಕರೆದುಕೊಂಡು ಹೋಗಿ, 108 ಅಡಿ ಲಿಂಗ ನೋಡಿ ಮಕ್ಕಳೂ ಬಾಯಿ ಬಿಡುತ್ತಾರೆ. ಮಧ್ಯಾಹ್ನ ಹೋಗಬೇಡಿ, ಚಪ್ಪಲಿ ಬಿಟ್ಟ ಮೇಲೆ ನೆಲ ಸುಡುತ್ತದೆ. ಅವರಿಗೊಂದು ಜೊತೆ ಹಳೇ ಸಾಕ್ಸ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.