ಕೊಡಗಿನ ತೋಟದ ಮನೆಗೆ 12 ಸಾವಿರದೊಳಗೆ ಯಾವ ಫೋನ್ ತಗೊಳ್ಳಬೇಕು?

ನಿಮ್ಮ ಪ್ರಶ್ನೆ ಓದಿದೆ. ಮನೆ ಕಕ್ಕಬೆ ಕಡೆ, ತೋಟದ ಒಳಗೆ. ಕೈಯಲ್ಲಿರುವುದು 2017ರಲ್ಲಿ ಕೊಂಡ ರೆಡ್ಮಿ ನೋಟ್ 4. ಬ್ಯಾಟರಿ ಹಳತಾಗಿ ಮಧ್ಯಾಹ್ನಕ್ಕೇ ಖಾಲಿ ಆಗುತ್ತಿದೆ, ಬ್ಯಾಂಕಿನ ಆ್ಯಪ್ ತೆರೆಯುತ್ತಿಲ್ಲ. ಆದರೂ ಬಿಡಲು ಮನಸ್ಸಿಲ್ಲ. 12 ಸಾವಿರದೊಳಗೆ ಅಷ್ಟೇ ಗಟ್ಟಿಯಾದ, ಅಷ್ಟೇ ಕೈಗೆ ಹಿಡಿಸುವ ಇನ್ನೊಂದು ಯಾವುದು ಎಂದು ಕೇಳಿದ್ದೀರಿ.

ನಾನು ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವ. ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ), ಕೂಲಿ ಲೆಕ್ಕ, ಲೈನ್ ಕಡಿದು ಬಿದ್ದರೆ ಕರೆಂಟ್ ಆಫೀಸಿಗೆ ಹೇಳುವುದು, ಆನೆ ಬಂದಿದೆ ಎಂದರೆ ಕೆಲಸದವರಿಗೆಲ್ಲ ತಿಳಿಸುವುದು, ಎಲ್ಲ ಫೋನಿನಲ್ಲೇ. ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರು ಹೊಸ ಫೋನ್ ಕೊಳ್ಳುವ ಮುಂಚೆ ನನ್ನ ಹತ್ತಿರ ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಮೊದಲು ಮನೆಯಲ್ಲಿ ಸಿಗ್ನಲ್ ನೋಡಿ, ಆಮೇಲೆ ಫೋನ್ ಆರಿಸಿ. ಯೂಟ್ಯೂಬ್ ವಿಡಿಯೋಗಳಲ್ಲಿ ಕ್ಯಾಮೆರಾ, ಗೇಮ್ ಎಲ್ಲ ಚೆನ್ನಾಗಿ ವಿವರಿಸುತ್ತಾರೆ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ, ಎರಡು ದಿನ ಕರೆಂಟ್ ಇಲ್ಲದ ಮನೆಯಲ್ಲಿ ಆ ಫೋನ್ ಹೇಗೆ ನಡೆಯುತ್ತದೆ ಎಂದು ಅವರು ನೋಡಿರುವುದಿಲ್ಲ. ನಮಗೆ ಬೇಕಿರುವುದು ಅದೇ ಅಲ್ವಾ?

ಸಿಗ್ನಲ್ ನೋಡುವುದು ಎಂದರೆ ಮೇಲಿನ ಕಡ್ಡಿ ಎಣಿಸುವುದಲ್ಲ. ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ ಹೋಗಿ ‘ಸಿಮ್ ಸ್ಟೇಟಸ್’ ಹುಡುಕಿ. ಅಲ್ಲಿ ಡಿಬಿಎಂ (dBm) ಎಂದು ಸಿಗ್ನಲ್ ಬಲದ ಒಂದು ಸಂಖ್ಯೆ ಇರುತ್ತದೆ, ಮುಂದೆ ಮೈನಸ್ ಗುರುತು. 4ಜಿಯಲ್ಲಿ ಮೈನಸ್ 85ರ ಹತ್ತಿರ ಇದ್ದರೆ ಚೆನ್ನಾಗಿದೆ. ಮೈನಸ್ 110 ಎಂದರೆ ಬಡಕಲು. ಮೈನಸ್ 120 ದಾಟಿದರೆ ಮಾತು ಕಡಿದು ಹೋಗುತ್ತದೆ. ಜಗಲಿಯಲ್ಲಿ ಒಮ್ಮೆ, ಅಡುಗೆಮನೆಯಲ್ಲಿ ಒಮ್ಮೆ, ಮಲಗುವ ಕೋಣೆಯಲ್ಲಿ ಒಮ್ಮೆ ನೋಡಿ ಬರೆದಿಡಿ. ಮನೆಗೆ ಯಾರಾದರೂ ನೆಂಟರು ಬಂದರೆ ಅವರ ಸಿಮ್‌ನ ಸಂಖ್ಯೆಯನ್ನೂ ನೋಡಿ. ಅವರ ಫೋನ್ ಹೊಸದಾಗಿದ್ದರೆ ಐದು ನಿಮಿಷ ನಿಮ್ಮ ಸಿಮ್ ಅದಕ್ಕೆ ಹಾಕಿ ನೋಡಿದರೆ ಇನ್ನೂ ಒಳ್ಳೆಯದು. ಹೊಸ ಫೋನ್ ಕೊಂಡರೆ ನಿಮ್ಮ ಮನೆಯಲ್ಲಿ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇದರ ಹಿಂದಿನ ವಿಷಯ ಸ್ವಲ್ಪ ತಿಳಿದಿರಲಿ. ಟವರಿನ ಅಲೆಗಳಲ್ಲಿ ಕಡಿಮೆ ಮೆಗಾಹರ್ಟ್ಸ್‌ನವು ದೂರ ಹೋಗುತ್ತವೆ, ಮರಗಳ ನಡುವೆ, ಗೋಡೆಯ ಒಳಗೆ ಚೆನ್ನಾಗಿ ನುಗ್ಗುತ್ತವೆ. ಜಾಸ್ತಿ ಮೆಗಾಹರ್ಟ್ಸ್‌ನವು ವೇಗ ಕೊಡುತ್ತವೆ, ಆದರೆ ಗುಡ್ಡ ಅಡ್ಡ ಬಂದರೆ ಮುಗಿಯಿತು. ಸಿಲ್ವರ್ ಓಕ್, ಹಲಸು, ಬಳಂಜಿ ತುಂಬಿದ ತೋಟದಲ್ಲಿ ಮನೆ ಇರುವವರಿಗೆ 700, 850, 900 ಮೆಗಾಹರ್ಟ್ಸ್‌ನವೇ ಆಧಾರ. ಫೋನಿನ ವಿವರದಲ್ಲಿ ಇವು ಬ್ಯಾಂಡ್ 28, 5, 8 ಎಂದು ಬರೆದಿರುತ್ತವೆ. ಬಿಎಸ್‌ಎನ್‌ಎಲ್ 4ಜಿ ನಡೆಯುವುದು 700 ಮತ್ತು 2100ರಲ್ಲಿ. ಹಾಗಾಗಿ ನಿಮ್ಮದು ಬಿಎಸ್‌ಎನ್‌ಎಲ್ ಸಿಮ್ ಆಗಿದ್ದರೆ ಬ್ಯಾಂಡ್ 28 ಇಲ್ಲದ ಫೋನ್ ಬೇಡವೇ ಬೇಡ. ಹಳೆಯ ಫೋನ್‌ಗಳಲ್ಲಿ ಹಲವಕ್ಕೆ ಅದು ಇರುವುದಿಲ್ಲ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. 4ಜಿ ಸಿಗದ ಮೂಲೆಯಲ್ಲಿ ಅದರಲ್ಲಿ ಮಾತೂ ಆಗುವುದಿಲ್ಲ. ಏರ್‌ಟೆಲ್ 2020ರಲ್ಲೇ 3ಜಿ ನಿಲ್ಲಿಸಿದೆ, 2ಜಿ ಉಳಿಸಿಕೊಂಡಿದೆ.

5ಜಿ ಬಗ್ಗೆ ನನ್ನ ಅಭಿಪ್ರಾಯ: ಬಂದರೆ ಬರಲಿ, ಅದಕ್ಕಾಗಿಯೇ ದುಡ್ಡು ಜಾಸ್ತಿ ಕೊಡಬೇಡಿ. ಸಿಗ್ನಲ್ ಬಡಕಲಾದಷ್ಟೂ ಫೋನ್ ಟವರನ್ನು ಮುಟ್ಟಲು ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ. ಕುಶಾಲನಗರದಲ್ಲಿ ರಾತ್ರಿವರೆಗೆ ಬರುವ ಬ್ಯಾಟರಿ ತೋಟದೊಳಗೆ ಸಂಜೆಗೇ ಇಳಿಯುವುದು ಇದಕ್ಕೇ. ಕೊಂಡದ್ದು 5ಜಿ ಫೋನೇ ಆದರೂ ಮನೆಯಲ್ಲಿ 5ಜಿ ಬರುವುದಿಲ್ಲ ಎಂದಾದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ 4ಜಿಗೆ ಇಟ್ಟುಬಿಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ವೈಫೈ ಕಾಲಿಂಗ್. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಟವರ್ ಇಲ್ಲದಿದ್ದರೂ ಅದೇ ನಂಬರಿನಲ್ಲಿ ಮಾತಾಡಬಹುದು. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಬೇರೆ ಚಾರ್ಜ್ ಇಲ್ಲ. ಆದರೆ ಎಲ್ಲ ಫೋನಿನಲ್ಲೂ ನಡೆಯುವುದಿಲ್ಲ. ಕೊಳ್ಳುವ ಮುಂಚೆ ನಿಮ್ಮ ಸಿಮ್ ಕಂಪನಿಯ ಪಟ್ಟಿಯಲ್ಲಿ ಆ ಮಾಡೆಲ್ ಇದೆಯೇ ನೋಡಿ. ಇನ್ನೊಂದು ಮಾತು. ಕರೆಂಟ್ ಹೋದರೆ ರೌಟರ್ ಕೂಡ ನಿಲ್ಲುತ್ತದೆ. ರೌಟರಿಗೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಫೋನಿನ ಬಜೆಟ್‌ನಲ್ಲಿ ಸ್ವಲ್ಪ ಉಳಿಸಿ ಅದನ್ನು ತಂದರೆ, ಮೂರು ಕ್ಯಾಮೆರಾ ಇರುವ ಫೋನಿಗಿಂತ ನಿಮ್ಮ ಮನೆಗೆ ಅದೇ ಉಪಕಾರ.

ಈಗ ನೋಟ್ 4ರ ವಿಷಯಕ್ಕೆ ಬರೋಣ. ಅದನ್ನು ನೀವು ಯಾಕೆ ಇಷ್ಟಪಟ್ಟಿರಿ ಎಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. 4100 ಎಂಎಎಚ್ ಬ್ಯಾಟರಿ, ಬಿಸಿಯಾಗದ ಸ್ನಾಪ್‌ಡ್ರಾಗನ್ 625 ಚಿಪ್, ಲೋಹದ ಮೈ, ಟಿವಿಗೆ ರಿಮೋಟ್ ಆಗುವ ಇನ್‌ಫ್ರಾರೆಡ್, ಮೇಲೆ ಇಯರ್‌ಫೋನ್ ತೂತು, ಎಫ್‌ಎಂ. ಆ ಕಾಲಕ್ಕೆ ಆ ಬೆಲೆಗೆ ಅಷ್ಟು ಕೊಟ್ಟ ಫೋನ್ ಕಡಿಮೆ. ಹೊಸ ಫೋನ್‌ಗಳು ದೊಡ್ಡವು, ಕೈಗೆ ಒಗ್ಗುವುದಿಲ್ಲ ಎಂದು ಬರೆದಿದ್ದೀರಿ. ಅಳತೆ ನೋಡಿ: ನೋಟ್ 4ರ ಅಗಲ 76 ಮಿಲಿಮೀಟರ್. ಇವತ್ತಿನ 6.7 ಇಂಚಿನ ಫೋನಿನ ಅಗಲವೂ ಹೆಚ್ಚುಕಡಿಮೆ 76ರಿಂದ 78. ಹಿಡಿತದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಉದ್ದ ಮಾತ್ರ ಒಂದೂವರೆ ಎರಡು ಸೆಂಟಿಮೀಟರ್ ಜಾಸ್ತಿ, ತೂಕವೂ ಸ್ವಲ್ಪ ಜಾಸ್ತಿ. ಅಂಗಿ ಜೇಬಿನಿಂದ ಇಣುಕುತ್ತದೆ, ಬಗ್ಗಿದಾಗ ಜಾರುತ್ತದೆ. ತೋಟದಲ್ಲಿ ಓಡಾಡುವವರಿಗೆ ಇದು ನಿಜವಾದ ತೊಂದರೆ. ಕುತ್ತಿಗೆಗೆ ಹಾಕುವ ದಾರವಿರುವ ಕವರ್ ತಗೊಳ್ಳಿ.

ಎಫ್‌ಎಂ ಮತ್ತು 3.5 ಎಂಎಂ ತೂತು ಇರುವುದನ್ನೇ ಹುಡುಕಿ ಎಂದು ನಾನು ಒತ್ತಿ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬ ಊರುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇದ್ದವು. ಇಂಟರ್‌ನೆಟ್ ಇಲ್ಲದೆಯೂ ಆಕಾಶವಾಣಿ ಮಡಿಕೇರಿ 103.1ರಲ್ಲಿ ಬರುತ್ತದೆ. ಇದಕ್ಕೆ ವೈರಿನ ಇಯರ್‌ಫೋನೇ ಬೇಕು, ಆ ವೈರೇ ಆ್ಯಂಟೆನಾ. ಫೋನಿನಲ್ಲಿ ಎಫ್‌ಎಂ ತೆಗೆಯಬೇಡಿ ಎಂದು ಕೇಂದ್ರ ಸರ್ಕಾರವೇ 2023ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. ಆದರೂ ಕೆಲವು ಮಾಡೆಲ್‌ಗಳಲ್ಲಿ ಇರುವುದಿಲ್ಲ. ಅಂಗಡಿಯಲ್ಲೇ ಇಯರ್‌ಫೋನ್ ಚುಚ್ಚಿ ಹಾಕಿಸಿ ಕೇಳಿ.

ಮಳೆಯ ಬಗ್ಗೆ: ಐಪಿ ಎಂದು ಬರೆದು ಮುಂದೆ ಎರಡು ಅಂಕಿ ಇರುತ್ತವೆ. ಎರಡನೆಯದು ನೀರಿನದು. ಐಪಿ52 ಎಂದರೆ ತೊಟ್ಟಿಕ್ಕುವ ಹನಿ ತಡೆಯುತ್ತದೆ, ಅಷ್ಟೇ. ಐಪಿ54 ಅಥವಾ ಐಪಿ64 ಆದರೆ ಎಲ್ಲ ಕಡೆಯಿಂದ ಎರಚುವ ನೀರನ್ನೂ ತಾಳುತ್ತದೆ. ನಿಮ್ಮ ಬಜೆಟ್‌ಗೆ ಇಂಥವು ಸಿಗುತ್ತವೆ. ಚಾರ್ಜಿಂಗ್ ತೂತಿನಲ್ಲಿ ತೇವ ಇದ್ದಾಗ ಚಾರ್ಜ್‌ಗೆ ಹಾಕಬೇಡಿ, ಗಾಳಿಗೆ ಒಣಗಲು ಬಿಡಿ. ಬೆರಳಚ್ಚು ಲಾಕ್ ನಂಬಿಕೊಳ್ಳಬೇಡಿ. ಕಾಫಿ ಕುಯ್ಯುವ ಕಾಲದಲ್ಲಿ ಹಣ್ಣಿನ ಅಂಟು, ಕಪ್ಪು ಕರೆ ಬೆರಳಿನ ಗೆರೆಗಳನ್ನೆಲ್ಲ ಮುಚ್ಚಿಬಿಡುತ್ತದೆ. ಎಷ್ಟು ಒತ್ತಿದರೂ ತೆರೆಯುವುದಿಲ್ಲ. ಪಿನ್ ನೆನಪಿರಲಿ.

ಚಾರ್ಜರ್ ಎಷ್ಟು ವ್ಯಾಟ್ ಎಂದು ತಪ್ಪದೆ ಕೇಳಿ. 10 ವ್ಯಾಟಿನದರಲ್ಲಿ 5000 ಎಂಎಎಚ್ ತುಂಬಲು ಎರಡೂವರೆ ಮೂರು ಗಂಟೆ ಬೇಕು. ಕರೆಂಟ್ ಒಂದು ಗಂಟೆ ಬಂದು ಹೋಗುವ ದಿನ 33 ವ್ಯಾಟ್ ಇದ್ದವರು ಬಚಾವ್. ಕೆಲವು ಕಂಪನಿಗಳು ಡಬ್ಬಿಯಲ್ಲಿ ಚಾರ್ಜರ್ ಕೊಡುವುದೇ ಇಲ್ಲ.

ರ‍್ಯಾಮ್ ವಿಷಯದಲ್ಲಿ ಅಂಗಡಿಯವರು 12 ಜಿಬಿ, 16 ಜಿಬಿ ಎನ್ನುತ್ತಾರೆ. ಅದರಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ‘ವರ್ಚುವಲ್’. ಸ್ಟೋರೇಜಿನ ಜಾಗವನ್ನೇ ರ‍್ಯಾಮ್ ಎಂದು ಲೆಕ್ಕ ಹಾಕಿರುತ್ತಾರೆ. ನಿಜವಾದ ರ‍್ಯಾಮ್ 6 ಜಿಬಿ, ಸ್ಟೋರೇಜ್ 128 ಜಿಬಿ ಇದ್ದರೆ ನಿಮಗೆ ವರ್ಷಗಟ್ಟಲೆ ಸಾಕು. 4 ಜಿಬಿಯದು ಎರಡು ವರ್ಷದಲ್ಲಿ ತೆವಳಲು ಶುರು ಮಾಡುತ್ತದೆ.

ಅಪ್‌ಡೇಟ್ ಎಷ್ಟು ವರ್ಷ ಎಂಬುದೂ ಅಷ್ಟೇ ಮುಖ್ಯ. ನಿಮ್ಮ ಫೋನ್ ಆಂಡ್ರಾಯ್ಡ್ 6ರಲ್ಲಿ ಬಂದು 7ಕ್ಕೆ ನಿಂತಿತು. ಬ್ಯಾಂಕಿನ ಆ್ಯಪ್ ಕೈಕೊಟ್ಟದ್ದು ಅದರಿಂದಲೇ ಇರಬೇಕು. ಈಗ ಕಡಿಮೆ ಬೆಲೆಯಲ್ಲೂ ಸ್ಥಿತಿ ಸುಧಾರಿಸಿದೆ. ಸ್ಯಾಮ್‌ಸಂಗ್ 2025ರಲ್ಲಿ ತಂದ ಎಂ06 5ಜಿಗೆ ನಾಲ್ಕು ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿತು. ಒಂದೇ ಮಾಡೆಲ್ ಹೆಸರು ಹೇಳಿ ಎಂದಿದ್ದೀರಿ. ಅಂಗಡಿಯಲ್ಲಿ ಮಾಡೆಲ್‌ಗಳು ಕೆಲವೇ ತಿಂಗಳಿಗೆ ಬದಲಾಗುತ್ತವೆ, ಹೆಸರು ಹಿಡಿದು ಹೋದರೆ ಅದು ಸಿಗದೆ ಬೇರೆ ಏನನ್ನೋ ಕಟ್ಟಿ ಕಳಿಸುತ್ತಾರೆ. ಮೇಲೆ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಲ್ಲವೂ ಒಂದೇ ಫೋನಿನಲ್ಲಿ ಸಿಗದಿದ್ದರೆ ವೈಫೈ ಕಾಲಿಂಗ್, ಸರಿಯಾದ ಬ್ಯಾಂಡ್, 6 ಜಿಬಿ ರ‍್ಯಾಮ್ ಬಿಡಬೇಡಿ. ಕ್ಯಾಮೆರಾ ಬಿಡಿ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ತೆಗೆಯಿರಿ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಮೂರು ಅಕ್ಷರ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕದ್ದ ಫೋನ್ ಎಂದು ಬ್ಲಾಕ್ ಆಗಿದ್ದರೆ ತಿಳಿಯುತ್ತದೆ. ಬಿಲ್ ಇಲ್ಲದ್ದು ಬೇಡ.

ನೋಟ್ 4 ಮಾರಬೇಡಿ, ಸಿಗುವುದು ಪುಡಿಗಾಸು. ಒಳ್ಳೆ ಅಂಗಡಿಯಲ್ಲಿ ಬ್ಯಾಟರಿ ಬದಲಾಯಿಸಿ ಮನೆಯಲ್ಲೇ ಇಟ್ಟುಕೊಳ್ಳಿ. ಸಿಮ್ ಇಲ್ಲದೆಯೂ ಎಫ್‌ಎಂ ನಡೆಯುತ್ತದೆ, ಟಿವಿ ರಿಮೋಟ್ ಆಗುತ್ತದೆ.

ಕೊನೆಗೆ, ಹೊಸ ಫೋನನ್ನು ಪೇಟೆಯಲ್ಲೇ ಕೂತು ಸಿದ್ಧ ಮಾಡಿಕೊಂಡು ಬನ್ನಿ. ಯುಪಿಐ ಆ್ಯಪ್ ಹಾಕಿದಾಗ ನಿಮ್ಮ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೋಗಬೇಕು. ತೋಟದೊಳಗೆ ಅದು ಹೋಗದೆ ಸುಮ್ನೆ ಸುತ್ತುತ್ತಾ ಇರುತ್ತದೆ. ವಾಟ್ಸ್ಆ್ಯಪ್‌ನ ಹಳೆ ಮಾತುಕತೆಗೆ ಇಂಟರ್‌ನೆಟ್ ಬ್ಯಾಕಪ್ ಬೇಕಿಲ್ಲ. ಎರಡೂ ಫೋನ್ ಅಕ್ಕಪಕ್ಕ ಇಟ್ಟು ‘ಟ್ರಾನ್ಸ್‌ಫರ್ ಚಾಟ್ಸ್’ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ನೇರವಾಗಿ ದಾಟುತ್ತದೆ. ಇದಕ್ಕೆ ಮಾತ್ರ ಹಳೆಯ ಫೋನಿನಲ್ಲಿ ಚಾರ್ಜ್ ತುಂಬಿರಲಿ.

ನಿಮ್ಮ ಮನೆಯಲ್ಲಿ ಯಾವ ಸಿಮ್‌ಗೆ ಎಷ್ಟು ಡಿಬಿಎಂ ಬರುತ್ತದೆ, ಫೈಬರ್ ಇದೆಯೇ ಇಲ್ಲವೇ ಎಂದು ಕೆಳಗೆ ಬರೆಯಿರಿ. ಅಂಗಡಿಯಲ್ಲಿ ನೋಡಿದ ಎರಡು ಮೂರು ಮಾಡೆಲ್ ಹೆಸರನ್ನೂ ಹಾಕಿ. ಅವುಗಳಲ್ಲಿ ಯಾವುದು ಆಗುತ್ತದೆ ಎಂದು ನೋಡಿ ಹೇಳುತ್ತೇನೆ.