ರುಸ್ತುಮನ ಕೈಗೆ ಯಾವ ಕತ್ತಿ?

ಪ್ರಶ್ನೆ: ಪರ್ಷಿಯಾದ ಮಹಾಕಾವ್ಯ ‘ಶಾಹನಾಮೆ’ಯ ವೀರ ರುಸ್ತುಮನ ಏಳು ಗಂಡಾಂತರಗಳನ್ನು ಗೇಮ್ ಮಾಡುತ್ತಿದ್ದೇವೆ. ನೀಲಿ ಗುಮ್ಮಟಗಳು, ಬಾಗಿದ ಕತ್ತಿ, ಹಂತಕ್ಕೊಬ್ಬ ರಾಕ್ಷಸ ಎಂದುಕೊಂಡಿದ್ದೇವೆ. ಸರಿಯೇ?

ಉತ್ತರ: ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ಕವಿ ಫಿರ್ದೌಸಿ ಕಾವ್ಯ ಮುಗಿಸಿದ್ದು 1010ರಲ್ಲಿ. ಕಥೆಗಳು ಅದಕ್ಕಿಂತ ಬಹಳ ಹಳೆಯವು. ಹಾಗಾಗಿ ನಿಮಗೆ ಎರಡು ದಾರಿಗಳಿವೆ. ಇಸ್ಲಾಮಿಗೆ ಮುಂಚಿನ ಪರ್ಷಿಯಾದ ಅರಸರಾದ ಸಸಾನಿಯನ್ನರ ಕಾಲ (224–651) ಆರಿಸಿಕೊಂಡರೆ ಕತ್ತಿ ಉದ್ದ ಮತ್ತು ನೇರ. ಕಟ್ಟಡಕ್ಕೆ ಮಾದರಿ ಅವರ ರಾಜಧಾನಿ ಟೆಸಿಫೋನಿನ ಭಾರೀ ಇಟ್ಟಿಗೆ ಕಮಾನು. ಪುರಾಣದ ಸಿಮುರ್ಗ್ ಹಕ್ಕಿಗೆ ನಾಯಿಯ ಮೋರೆ, ನವಿಲಿನ ಬಾಲ. ನಂತರದ ಶತಮಾನಗಳ ಹಸ್ತಪ್ರತಿ ಚಿತ್ರಗಳನ್ನು ಅನುಸರಿಸಿದರೆ ನೀಲಿ ಹೆಂಚು, ಬಾಗಿದ ಕತ್ತಿ, ಉದ್ದ ಗರಿಗಳ ಬಣ್ಣಬಣ್ಣದ ಸಿಮುರ್ಗ್ ಎಲ್ಲವೂ ಸಲ್ಲುತ್ತವೆ. ಎರಡೂ ಪ್ರಾಮಾಣಿಕವೇ. ಒಂದೇ ಕೋಟೆಯಲ್ಲಿ ಎರಡನ್ನೂ ಬೆರೆಸಿದಾಗ ಬಲ್ಲವರ ಕಣ್ಣಿಗೆ ಚುಚ್ಚುತ್ತದೆ.

ಹಂತಕ್ಕೊಬ್ಬ ರಾಕ್ಷಸ ಮಾತ್ರ ಬೇಡವೇ ಬೇಡ. ಮೊದಲ ಗಂಡಾಂತರದಲ್ಲಿ ರುಸ್ತುಮ ನಿದ್ರಿಸುತ್ತಿರುತ್ತಾನೆ. ಸಿಂಹವನ್ನು ಕೊಲ್ಲುವುದು ಅವನ ಕುದುರೆ ರಖ್ಶ್. ಎರಡನೆಯದರಲ್ಲಿ ಶತ್ರುವೇ ಇಲ್ಲ, ಬಾಯಾರಿಕೆ ಇದೆ. ಒಂದು ಟಗರು ನೀರಿನತ್ತ ದಾರಿ ತೋರುತ್ತದೆ. ಮೂರನೆಯದು ಹೆಬ್ಬಾವಿನಂಥ ಡ್ರ್ಯಾಗನ್, ನಾಲ್ಕನೆಯದು ಮಾಟಗಾತಿ. ಐದರಲ್ಲಿ ಸೆರೆ ಸಿಕ್ಕ ಔಲಾದ್ ಮುಂದೆ ದಾರಿ ತೋರಿಸುವವನಾಗುತ್ತಾನೆ. ದಿವ್‌ಗಳು (ರಾಕ್ಷಸರು) ಎದುರಾಗುವುದು ಆರು ಮತ್ತು ಏಳರಲ್ಲಿ: ಅರ್ಝಂಗ್, ಕೊನೆಗೆ ಗುಹೆಯಲ್ಲಿ ಬಿಳಿಯ ದಿವ್. ಆಟದ ವಿನ್ಯಾಸಕ್ಕೆ ಇಷ್ಟು ವೈವಿಧ್ಯ ಮೂಲದಲ್ಲೇ ಸಿಕ್ಕಿರುವಾಗ ಏಳು ಹೊಡೆದಾಟ ಮಾಡುವುದು ನಷ್ಟ. ಮೊದಲ ಹಂತವನ್ನು ರಖ್ಶ್‌ನಾಗಿ ಆಡಲು ಬಿಡಿ. ‘ದಿವ್’ ಜಾಗದಲ್ಲಿ ‘ಜಿನ್’ ಎಂದು ಬರೆಯಬೇಡಿ, ಅದು ಅರಬ್ಬರ ಕಲ್ಪನೆ. ದಿವ್ ಬಂದಿರುವುದು ಜರತುಷ್ಟ್ರ ಧರ್ಮದ ಗ್ರಂಥ ಅವೆಸ್ತಾದ ‘ದಏವ’ದಿಂದ, ನಮ್ಮ ‘ದೇವ’ ಶಬ್ದದ ದಾಯಾದಿ, ಅರ್ಥ ಮಾತ್ರ ಅಲ್ಲಿ ರಾಕ್ಷಸ ಎಂದು ತಿರುಗಿಕೊಂಡಿತು.

ಪ್ರಶ್ನೆ: 2024ರ ‘ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್’ ಮಾದರಿಯಾದೀತೇ?

ಉತ್ತರ: ಧ್ವನಿಯ ಮಟ್ಟಿಗೆ ಖಂಡಿತ. ಇಡೀ ಆಟವನ್ನು ಫಾರಸಿ ಸಂಭಾಷಣೆಯಲ್ಲೇ ಆಡಬಹುದು. ಅದರಲ್ಲಿ ಬರುವ ಪುರಾಣದ ಕಾಫ್ ಪರ್ವತ, ಸಿಮುರ್ಗ್ ಎರಡೂ ಪರ್ಷಿಯಾದ ಪರಂಪರೆಯವೇ. ಆದರೆ ನಾಯಕನ ಹೆಸರು ಸಾರ್ಗಾನ್ ಮೆಸೊಪೊಟೇಮಿಯದ ಅಕ್ಕಾಡಿಯನ್ ಹೆಸರು. ನಿಮ್ಮ ಪಾತ್ರಗಳಿಗೆ ಶಾಹನಾಮೆಯಲ್ಲೇ ಬೇಕಾದಷ್ಟು ಹೆಸರುಗಳಿವೆ.

ಪ್ರಶ್ನೆ: ಫಾರಸಿ ಅಕ್ಷರಗಳು ಪರದೆಯ ಮೇಲೆ ಬಿಡಿಬಿಡಿಯಾಗಿ, ಹಿಂದುಮುಂದಾಗಿ ಬರುತ್ತಿವೆ. ಏಕೆ?

ಉತ್ತರ: ಇವು ಎರಡು ಬೇರೆ ದೋಷಗಳು. ಫಾರಸಿ ಬಲದಿಂದ ಎಡಕ್ಕೆ ಸಾಗುತ್ತದೆ. ಜೊತೆಗೆ ಹೆಚ್ಚಿನ ಅಕ್ಷರಗಳಿಗೆ ಪದದ ಆದಿ, ಮಧ್ಯ, ಅಂತ್ಯ ಮತ್ತು ಒಂಟಿಯಾಗಿ ನಿಂತಾಗ ಹೀಗೆ ನಾಲ್ಕು ರೂಪಗಳು. ಆಟ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಬಲದಿಂದ ಎಡಕ್ಕೆ ಎಂಬ ಆಯ್ಕೆ ಒತ್ತಿದರೆ ದಿಕ್ಕು ಮಾತ್ರ ತಿರುಗುತ್ತದೆ, ಅಕ್ಷರಗಳು ಕೂಡಿಕೊಳ್ಳುವುದಿಲ್ಲ; ಜೋಡಿಸಲು ಬೇರೆ ಪ್ಲಗಿನ್ ಬೇಕು. ಅಂಥದೇ ಇನ್ನೊಂದು ತಂತ್ರಾಂಶ ಗೊಡೊ 4ರಲ್ಲಿ ಎರಡೂ ಒಳಗೇ ಇವೆ. ಫಾಂಟ್ ಆರಿಸುವಾಗ ಅರಬ್ಬಿಯಲ್ಲಿಲ್ಲದ ಪೆ, ಚೆ, ಝೆ, ಗಾಫ್ ಇವೆಯೇ ನೋಡಿ. ಇಲ್ಲದಿದ್ದರೆ ಅಲ್ಲಿ ಖಾಲಿ ಚೌಕ ಕಾಣುತ್ತದೆ. ‘ಯೆ’ ಮತ್ತು ‘ಕಾಫ್’ಗಳಿಗೆ ಫಾರಸಿಯ ಯೂನಿಕೋಡ್ ಸಂಕೇತಗಳನ್ನೇ ಬಳಸಿ. 4, 5, 6 ಅಂಕಿಗಳ ಫಾರಸಿ ರೂಪವೂ ಅರಬ್ಬಿಗಿಂತ ಬೇರೆ.

ತಿದ್ದಲು ಕೊಡುವಾಗ ಅನುವಾದದ ಕಡತ ಕೊಡಬೇಡಿ, ಅದರಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಫಾರಸಿ ಓದಬಲ್ಲವರ ಮುಂದೆ ಆಟವನ್ನೇ ಓಡಿಸಿ, ಪ್ರತಿ ಮೆನುವನ್ನೂ ಓದಿಸಿ.