ಉಸಿರಾಡಿದ ಗ್ಯಾಸ್ ಲಿವರ್‌ಗೆ ಯಾಕೆ ಹೋಗುತ್ತದೆ?

ಪ್ರಯೋಗದಲ್ಲಿ ಇಲಿ ಉಸಿರಾಡಿದ ಗ್ಯಾಸ್ ಶ್ವಾಸಕೋಶ ಬಿಟ್ಟು ಲಿವರ್ ಯಾಕೆ ಕೆಡಿಸುತ್ತದೆ ಅಂತ ಕೇಳಿದ್ದೀರಿ. ಶ್ವಾಸಕೋಶ ಬರೀ ಬಾಗಿಲು. ಅಲ್ಲಿಂದ ಗ್ಯಾಸ್ ರಕ್ತಕ್ಕೆ ಸೇರಿ ಲಿವರ್‌ಗೆ ಬರುತ್ತದೆ. ಪಿವಿಸಿ ಪ್ಲಾಸ್ಟಿಕ್ ಮಾಡಲು ಬಳಸುವ ವಿನೈಲ್ ಕ್ಲೋರೈಡ್ ಗ್ಯಾಸನ್ನೇ ನೋಡಿ. ಅದನ್ನು ಹೊರಹಾಕಲು ಹೊರಟ ಲಿವರ್‌ನ ಕಿಣ್ವವೇ ಅದನ್ನು ಎಪಾಕ್ಸೈಡ್ ಎಂಬ ಇನ್ನೂ ಅಪಾಯದ ವಸ್ತು ಮಾಡಿಬಿಡುತ್ತದೆ! ಅದು ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಲಿವರ್ ಕೆಡುವುದು ಹೀಗೆ.

ಇಲಿಗೆ ಆದದ್ದು ನಮಗೂ ಆಗಬೇಕೆಂದಿಲ್ಲ ಅಲ್ವಾ ಅಂದಿರಿ. ಈ ಗ್ಯಾಸ್ ವಿಷಯದಲ್ಲಿ ನಮಗೂ ಆಯಿತು. ಇಟಲಿಯ ವಿಜ್ಞಾನಿ ಚೆಸಾರೆ ಮಾಲ್ತೋನಿ ಇಲಿಗಳಿಗೆ ದಿನಕ್ಕೆ 4 ಗಂಟೆ, ವಾರಕ್ಕೆ 5 ದಿನ ಈ ಗ್ಯಾಸ್ ಉಸಿರಾಡಿಸಿದರು. ಲಿವರ್‌ನ ರಕ್ತನಾಳದಲ್ಲಿ ಆಂಜಿಯೋಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಬಂತು. 1974ರಲ್ಲಿ ಅಮೆರಿಕದ ಲೂಯಿವಿಲ್‌ನ ಪಿವಿಸಿ ಕಾರ್ಖಾನೆಯ ಕಾರ್ಮಿಕರಲ್ಲೂ ಅದೇ ಕಾಯಿಲೆ ಬಯಲಾಯಿತು. ನನಗೆ ಈಗಲೂ ಸಂಕಟವಾಗುತ್ತದೆ. ಆಮೇಲೆ ಅಮೆರಿಕದಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಈ ಗ್ಯಾಸ್‌ನ ಮಿತಿ 500 ಪಿಪಿಎಂನಿಂದ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 500 ಭಾಗ) 1ಕ್ಕೆ ಇಳಿಯಿತು.